ಕೊಟ್ರೇಶನಿಗೊಂದು ಐಬು ಬೇಕಾಗಿದೆ

ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ಆ ಸರ್ವೀಸಿನಲ್ಲಿ ಸಂಪಾದಿಸಿದ ಜ್ಞಾನ ಒಂದೇ: ಹತ್ತಿದ ಕೂಡಲೇ ಕಂಡಕ್ಟರನ ಮುಖ ನೋಡಿ ನಗುವವನ ಮೇಲೆ ಒಂದು ಕಣ್ಣಿಟ್ಟಿರಬೇಕು. ಟಿಕೆಟ್ ತೆಗೆದುಕೊಳ್ಳುವ ಮನಸ್ಸಿರುವವನಿಗೆ ನಗುವ ಅಗತ್ಯವೇನಿದೆ? ಹೀಗಾಗಿ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಕೊಟ್ರೇಶನನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಬೆಳಗ್ಗೆ ಗೇಟು ತೆಗೆಯುವಾಗ ಶುರು ಮಾಡಿದ ನಗುವನ್ನು ಅವನು ರಾತ್ರಿ ಗೇಟು ಹಾಕುವವರೆಗೂ ಇಳಿಸುತ್ತಿರಲಿಲ್ಲ.

ಅವನ ಬಾಯಲ್ಲಿದ್ದ ಮಾತು ಒಂದೇ, "ಆತ್ರಿ." ಎದುರು ಮನೆಯ ನಿರ್ಮಲಮ್ಮ "ಇವತ್ತು ಮಳೆ ಬರ್ತೈತೆ, ಕೊಡೆ ತಗಂಡು ಹೋಗೋ" ಅಂದರೆ ಆತ್ರಿ ಅಂತ ಕೊಡೆ ತರುತ್ತಿದ್ದ. ಓಣಿಯ ಮೂಲೆಯಲ್ಲಿ ಗಾದಿ ಅಂಗಡಿ ಇಟ್ಟಿರುವ ಬಡೇಸಾಬ್ "ಎಲ್ಲೈತಪ್ಪ ಮಳೆ, ಬಿಸಿಲು ನೋಡು ಹೆಂಗೈತೆ" ಅಂದರೆ ಆತ್ರಿ ಅಂತ ಕೊಡೆಯನ್ನು ಅವರ ಅಂಗಡಿಯಲ್ಲೇ ಇಟ್ಟು ಹೋಗಿ, ಸಂಜೆ ತೊಯ್ದು ತೊಪ್ಪೆಯಾಗಿ ಬರುತ್ತಿದ್ದ. ಕರೂರು ಕೈಗಾರಿಕಾ ಪ್ರದೇಶದ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಅವನು ಸೂಪರ್‌ವೈಸರ್. ಒಮ್ಮೆ ರಜೆ ಕೇಳಿದ ಹನ್ನೊಂದು ಜನಕ್ಕೂ ಒಂದೇ ದಿನಕ್ಕೆ ಆತ್ರಿ ಅಂದುಬಿಟ್ಟು, ಆ ದಿನ ಮೂರು ಯಂತ್ರಗಳ ನಡುವೆ ಒಬ್ಬನೇ ಓಡಾಡಿ, ಸಂಜೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡ. ನರ್ಸು ನರ ಸಿಗದೆ ನಾಲ್ಕು ಕಡೆ ಚುಚ್ಚಿದಾಗಲೂ ನಗುತ್ತಲೇ ಇದ್ದನಂತೆ.

ಇಂಥವನಿಗೆ ಹೆಣ್ಣು ಸಿಗುವುದು ಸುಲಭ ಅಂದುಕೊಂಡಿದ್ದೆವು. ಮೂರು ಸಂಬಂಧ ಕೂಡಿಬಂದವು, ಮೂರೂ ತಪ್ಪಿದವು. ಕಾರಣ ಕೇಳಿದರೆ "ಹುಡುಗ ಭಾಳ ಒಳ್ಳೇನು, ಆದ್ರೆ ಯಾಕೋ ಬ್ಯಾಡ" ಎಂದಷ್ಟೇ ಉತ್ತರ. ಕೊಟ್ರೇಶನಿಗೆ ಮೂವತ್ತೆರಡು ದಾಟಿತು. ಆಗ ಬಂದದ್ದು ಹರಿಹರದ ನಯನಾಳ ಸಂಬಂಧ.

ನಯನಾ ತಂದೆಯಿಲ್ಲದ ಹುಡುಗಿ, ಸೋದರಮಾವನ ಮನೆಯಲ್ಲಿ ಬೆಳೆದವಳು. ಹರಿಹರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಹೆಣ್ಣು ನೋಡಲು ಹೋದ ದಿನ ಇಬ್ಬರನ್ನೂ ವರಾಂಡದಲ್ಲಿ ಮಾತಿಗೆ ಬಿಟ್ಟಾಗ ಅವಳು ನೇರವಾಗಿ ಕೇಳಿದಳಂತೆ: "ನಾನು ಕೆಲಸ ಬಿಡಾಕಿ ಅಲ್ಲ. ಏಳಕ್ಕೆ ಲ್ಯಾಬ್ ತೆಗೀಬೇಕು. ಮದುವೆ ಆದ ಮೇಲೆ ದಿನಾ ಬೆಳಗ್ಗೆ ಆರಕ್ಕೇ ದಾವಣಗೆರೆ ಬಿಡ್ತೀನಿ. ನಡೀತೈತಾ?"

"ಆತ್ರಿ" ಅಂದ ಕೊಟ್ರೇಶ.

ಆಮೇಲೆ ಅವನಿಗೆ ಬುದ್ಧಿ ನೆಟ್ಟಗಿರಲಿಲ್ಲ. ಅವಳನ್ನು ನೋಡಬೇಕು, ನೆಪ ಬೇಕು. ಒಂದು ತಿಂಗಳಲ್ಲಿ ನಾಲ್ಕು ಸಲ ಹರಿಹರಕ್ಕೆ ಹೋಗಿ ರಕ್ತ ಕೊಟ್ಟು ಬಂದ. ನಾಲ್ಕನೇ ಸಲ ನಯನಾ ಸೂಜಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು, "ನಿಮಗೆ ಸಕ್ಕರೆ ಇಲ್ಲ, ಥೈರಾಯ್ಡ್ ಇಲ್ಲ, ಕಾಮಾಲೆ ಇಲ್ಲ. ಇನ್ನೇನು ಹುಡುಕ್ತೀರಿ?"

"ಏನಿಲ್ರಿ. ನೀವು ಚುಚ್ಚಿದ್ರೆ ನೋವೇ ಆಗಲ್ಲ ನೋಡ್ರಿ."

"ಸುಳ್ಳು. ಯಾರು ಚುಚ್ಚಿದ್ರೂ ನೋವಾಗ್ತೈತೆ" ಅಂದವಳು ಹತ್ತಿಯನ್ನು ಬೇಕಂತಲೇ ಒತ್ತಿ ಹಿಡಿದು, ಮುಖ ಆ ಕಡೆ ತಿರುಗಿಸಿ ನಕ್ಕಳಂತೆ. ಆ ನಗುವಿನ ವರ್ಣನೆಯನ್ನು ಕೊಟ್ರೇಶ ನಮ್ಮ ಮನೆಯ ಜಗುಲಿಯ ಮೇಲೆ ಕೂತು ಮುಕ್ಕಾಲು ಗಂಟೆ ಮಾಡಿದ. "ಈ ಹುಡುಗಿ ತಪ್ಪಿದ್ರೆ ಇನ್ನು ಹೆಣ್ಣು ನೋಡಾಕೆ ಹೋಗಲ್ಲ ಅಂಕಲ್" ಅಂದ. ಮೊದಲ ಬಾರಿಗೆ ಅವನ ಮುಖದ ಮೇಲೆ ನಗು ಇರಲಿಲ್ಲ. ನನಗೆ ಪಾಪ ಅನ್ನಿಸಿತು.

ಹೆಣ್ಣು ಕೊಡುವ ಮುಂಚೆ ಹುಡುಗನ ಓಣಿಗೆ ಬಂದು ಅಕ್ಕಪಕ್ಕದವರನ್ನು ವಿಚಾರಿಸುವುದು ನಮ್ಮ ಕಡೆ ಇದ್ದದ್ದೇ. ಒಂದು ಸೋಮವಾರ ನಯನಾಳ ಸೋದರಮಾವ ಕರಿಬಸವರಾಜರು ಬಂದರು. ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿ ನಿವೃತ್ತರಾದವರು. ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ಸಿಲ್ಲು. ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಹಾಕಿದ ರೀತಿ ನೋಡಿದರೆ ಕೊಟ್ರೇಶನ ಜೊತೆಗೆ ಓಣಿಯನ್ನೂ ಅಳೆಯುತ್ತಿದ್ದರು ಅಂತ ನನಗೆ ಗುಮಾನಿ.

ನಿರ್ಮಲಮ್ಮ "ಬಂಗಾರದಂಥ ಹುಡುಗ" ಅಂದರು. ಬಡೇಸಾಬ್ "ಬಂಗಾರದಂಥ ಹುಡುಗ್ರಿ" ಅಂದರು. ನಾನೂ ಅದನ್ನೇ ಅಂದೆ. ಅನುಮಾನ ಇಟ್ಟುಕೊಂಡೂ ಯಾಕೆ ಅಂದೆ ಅಂತ ಕೇಳಬಹುದು. ನಮ್ಮ ಮನೆಯ ಸಿಲಿಂಡರನ್ನು ರಸ್ತೆಯಿಂದ ಅಡುಗೆಮನೆಗೆ ಹೊತ್ತು ಹಾಕುವವನು ಕೊಟ್ರೇಶ. ಅಷ್ಟು ಹೇಳಿದರೆ ಸಾಕು.

ಕರಿಬಸವರಾಜರು ಬರೆದುಕೊಂಡು, ಮುಖ ಗಂಟು ಹಾಕಿಕೊಂಡು ಬಸ್ಸು ಹತ್ತಿದರು. ಮಾರನೇ ದಿನ ನಯನಾ ಕೊಟ್ರೇಶನಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಮಾವನವರ ಪ್ರಕಾರ ಇಬ್ಬರು ಹೊಲದವರು ಜಗಳವಿಲ್ಲದೆ ಒಂದೇ ಗಡಿ ತೋರಿಸಿದರೆ ಬಾಂದುಕಲ್ಲನ್ನು ಯಾರೋ ಕಿತ್ತು ಬೇರೆ ಕಡೆ ನೆಟ್ಟಿದ್ದಾರೆ ಅಂತಲೇ ಅರ್ಥ. ಮೂರು ಮನೆಯವರು ಒಂದೇ ಮಾತು ಹೇಳಿದ್ದಾರೆ, ಒಂದು ಐಬೂ ಸಿಕ್ಕಿಲ್ಲ. ಅಂದಮೇಲೆ ಇರುವ ಐಬು ದೊಡ್ಡದೇ ಇರಬೇಕು. ಗುರುವಾರ ಮತ್ತೆ ಬರುತ್ತಾರಂತೆ.

ಕೊಟ್ರೇಶ ಬೆವರುತ್ತಾ ಮನೆಮನೆಗೆ ಬಂದ. "ಅಂಕಲ್, ನನ್ನ ಮ್ಯಾಲೆ ಒಂದು ಸಣ್ಣ ಐಬು ಹೇಳ್ರಿ. ಭಾಳ ದೊಡ್ಡದು ಬ್ಯಾಡ."

"ಏನು ಹೇಳ್ಲಪ್ಪ? ವರ್ಷಕ್ಕೊಮ್ಮೆ ಒಂದು ಗುಟುಕು ಹಾಕ್ತಾನೆ ಅನ್ಲಾ?"

ಅವನು ಜೀವಮಾನದಲ್ಲಿ ಮುಟ್ಟಿದವನಲ್ಲ. ಆದರೂ "ಆತ್ರಿ" ಅಂದ. ನಿರ್ಮಲಮ್ಮ "ಸ್ವಲ್ಪ ಸಿಟ್ಟಿನೋನು ಅಂತೀನಿ" ಅಂದರು, ಆತ್ರಿ. ಬಡೇಸಾಬ್ "ದೀಪಾವಳಿಗೆ ಇಸ್ಪೀಟು ಆಡ್ತಾನೆ ಅಂತೀನಿ" ಅಂದರು, ಅದಕ್ಕೂ ಆತ್ರಿ. ಒಬ್ಬರು ಹೇಳುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಐಬು ಹೇಳುವವರು ತಾವೊಬ್ಬರೇ ಅಂತ ಪ್ರತಿಯೊಬ್ಬರೂ ತಿಳಿದಿದ್ದೆವು.

ಸಣ್ಣ ಐಬು ಸಣ್ಣದಾಗೇ ಉಳಿಯುತ್ತಿತ್ತೋ ಏನೋ. ಸರ್ವೇಯರ್ ಸಾಹೇಬರು ಬಿಡಬೇಕಲ್ಲ!

"ಸಿಟ್ಟು ಬಂದ್ರೆ ಏನ್ ಮಾಡ್ತಾನೆ?" ಅಂದರು ನಿರ್ಮಲಮ್ಮನ ಮುಂದೆ ಪೆನ್ಸಿಲ್ಲು ಹಿಡಿದು.

"ತಟ್ಟೆ ಎಸೀತಾನ್ರಿ."

"ಎಲ್ಲಿಗೆ?"

"ನಮ್ಮನಿ ಕಾಂಪೌಂಡಿಗೆ ಬಂದು ಬೀಳ್ತಾವೆ."

"ಬೀಳ್ತಾವೆ ಅಂದ್ರೆ, ಎಷ್ಟು ತಟ್ಟೆ?"

ನಿರ್ಮಲಮ್ಮ ಗಾಬರಿಯಲ್ಲಿ ಅಡುಗೆಮನೆಯ ಕಡೆ ನೋಡಿ, ಅಲ್ಲಿ ಕಂಡಷ್ಟನ್ನೂ ಎಣಿಸಿ "ಹದಿನಾಲ್ಕು" ಅಂದರು.

ಬಡೇಸಾಬ್ ಅಂಗಡಿಯಲ್ಲಿ ಇಸ್ಪೀಟು ದೀಪಾವಳಿಯಿಂದ ಶುರುವಾಗಿ, ಎಲ್ಲಿ ಆಡುತ್ತಾರೆ, ಯಾರ ಜೊತೆ ಎಂಬ ಪ್ರಶ್ನೆಗಳ ಏಟಿಗೆ ಕೊಂಡಜ್ಜಿ ಕೆರೆ ದಂಡೆ ತಲುಪಿತು. ಅಲ್ಲಿ ಒಂದು ಸಲ ಪೊಲೀಸರೂ ಬಂದುಹೋದರು. ಬಡೇಸಾಬ್ ಒಳ್ಳೆಯ ಮನುಷ್ಯ, ಆದರೆ ಕಥೆ ಹೇಳಲು ಕೂತರೆ ಅವರ ಬಾಯಿಗೆ ಬ್ರೇಕಿಲ್ಲ.

ನನ್ನ ಸರದಿ ಬಂತು. "ಯಾವ ಬ್ರಾಂಡು ಕುಡೀತಾನೆ?" ಅಂದರು. ತಟಕ್ಕನೆ ಒಂದು ಹೆಸರು ಹೇಳಿಬಿಟ್ಟೆ. ಎಷ್ಟು ನೀರು ಬೆರೆಸುತ್ತಾನೆ, ಏನು ನಂಜಿಕೊಳ್ಳುತ್ತಾನೆ ಎಂಬುದನ್ನೂ ಹೇಳಿದೆ. ಒಳಗೆ ನನ್ನ ಹೆಂಡತಿಯ ಕೈಯಿಂದ ಸೌಟು ಬಿದ್ದ ಸದ್ದಾಯಿತು. ಆ ಗುರುವಾರದ ವಿಚಾರಣೆ ನಮ್ಮ ಮನೆಯಲ್ಲಿ ಇವತ್ತಿನವರೆಗೂ ಮುಗಿದಿಲ್ಲ.

ಕರಿಬಸವರಾಜರು ಓಣಿಯ ನಡುವೆ ನಿಂತು ಪುಟ ತಿರುವಿದರು. "ಸೋಮವಾರ ಬಂಗಾರ. ಗುರುವಾರ ಕುಡುಕ, ಜೂಜುಕೋರ, ತಟ್ಟೆ ಎಸಿಯೋನು. ಮೂರು ದಿನದಾಗೆ ಮನುಷ್ಯ ಇಷ್ಟು ಕೆಡಾಕೆ ಸಾಧ್ಯ ಇಲ್ಲ. ನೀವೆಲ್ಲಾ ಸೇರಿ ನನಗೆ ಏನೋ ಮುಚ್ಚಿಡ್ತೀರಿ" ಅಂದವರೇ ಸೀದಾ ಕೊಟ್ರೇಶನ ಮನೆಗೆ ನಡೆದರು. ಏನಾಗುತ್ತದೋ ಎಂಬ ಭಯಕ್ಕೆ ನಾವು ಮೂವರೂ ಹಿಂದೆಯೇ ಹೋದೆವು.

ಕೊಟ್ರೇಶ ಕಾರ್ಖಾನೆಯಲ್ಲಿದ್ದ. ಅವನ ತಾಯಿ ಕಸ್ತೂರಮ್ಮ ವಿಭೂತಿ ಹಚ್ಚಿಕೊಂಡು ಕಡಲೆ ಆರಿಸುತ್ತಾ ಕೂತಿದ್ದರು. ಐಬಿನ ಒಳಸಂಚು ಆ ತಾಯಿಗೆ ಗೊತ್ತೇ ಇರಲಿಲ್ಲ. ಕರಿಬಸವರಾಜರು ಓದಿದ್ದನ್ನು ಕೇಳಿ ಮೊರವನ್ನು ನೆಲಕ್ಕೆ ಕುಕ್ಕಿ ಎದ್ದರು.

"ಯಾವ ಬಾಯಾಗೆ ಹೇಳಿದ್ರು ಇದನ್ನ? ನನ್ನ ಮಗ ನಾನು ಹಾಕಿದ ಗೆರೆ ದಾಟಿದೋನಲ್ಲ. ಮೊದಲೇ ಹೇಳೀನಿ, ನೋಡಪ್ಪ, ಬಂದ ಸೊಸೆ ಕೆಲಸ ಬಿಡಬೇಕು, ಮುಂಜಾನೆ ಪೂಜೆ ಹೊತ್ತಿಗೆ ಮನಿಯಾಗಿರಬೇಕು ಅಂತ. ಆತವ್ವ ಅಂದಾನೆ!"

ಕರಿಬಸವರಾಜರ ಪೆನ್ಸಿಲ್ಲು ನಿಂತಿತು. "ಯಾವತ್ತು ಅಂದ?"

"ಹೆಣ್ಣು ನೋಡಿ ಬಂದ ದಿನಾನೇ."

"ಅವತ್ತೇ ನಮ್ಮ ಹುಡುಗಿಗೆ, ನೀನು ಕೆಲಸ ಬಿಡೋದು ಬ್ಯಾಡ ಅಂದು ಹೋಗ್ಯಾನೆ."

ನಾವು ಮೂವರು ಎರಡು ದಿನ ತಲೆ ಕೆಡಿಸಿಕೊಂಡು ಹುಟ್ಟಿಸಿದ ಐಬುಗಳೆಲ್ಲ ಆ ಕ್ಷಣಕ್ಕೆ ಕೆಲಸಕ್ಕೆ ಬಾರದೆ ಹೋದವು. ಕರಿಬಸವರಾಜರು ನೋಟ್‌ಬುಕ್ಕು ಮುಚ್ಚಿ, "ಭಾನುವಾರ ಹರಿಹರಕ್ಕೆ ಬರ್ರಿ. ಇದು ಆಗೋದಾ ಬಿಡೋದಾ, ಅಲ್ಲೇ ತೀರ್ಮಾನ ಮಾಡಣ" ಎಂದು ಹೊರಟರು. ಅವರ ಮುಖದಲ್ಲಿ ಬಾಂದುಕಲ್ಲು ಸಿಕ್ಕ ತೃಪ್ತಿ ಇತ್ತು.

ಭಾನುವಾರ ಬಡೇಸಾಬ್ ಹರಿಹರದ ಒಂದು ಕಲ್ಯಾಣ ಮಂಟಪಕ್ಕೆ ಗಾದಿ ಹಾಕುವುದಿತ್ತು. ಅವರ ಲಗೇಜ್ ಗಾಡಿಯಲ್ಲೇ ಹೋದೆವು. ಕಸ್ತೂರಮ್ಮ ಬಡೇಸಾಬ್ ಪಕ್ಕ ಮುಂದೆ. ಹಿರಿಯನೆಂದು ಹೊರಟ ನಾನು, ಕರೆಯದೆಯೇ ಬಂದ ನಿರ್ಮಲಮ್ಮ, ಬಿಳಿ ಅಂಗಿಯ ಕೊಟ್ರೇಶ, ಮೂವರೂ ಹಿಂದೆ ಗಾದಿಗಳ ಮೇಲೆ. ಮಲಗಿಕೊಂಡು ಸಂಬಂಧ ಮಾತಾಡಲು ಹೋದವರು ಜಿಲ್ಲೆಯಲ್ಲಿ ನಾವೇ ಮೊದಲಿರಬೇಕು. ಇಳಿದಾಗ ಮೈತುಂಬ ಹತ್ತಿ. ಬಾಗಿಲಲ್ಲಿ ನಿಂತಿದ್ದ ಕರಿಬಸವರಾಜರು ಆ ಹತ್ತಿಯನ್ನೂ ಅನುಮಾನದಿಂದಲೇ ನೋಡಿದರು.

ಒಳಗೆ ಚಾಪೆಯ ಮೇಲೆ ಕೂತೆವು. ನಯನಾ ನೀರು ತಂದಿಟ್ಟು ಒಳಗೆ ಹೋಗಲಿಲ್ಲ. ಕೊಟ್ರೇಶನ ಎದುರು ಬಂದು ನಿಂತಳು.

"ನನಗೆ ಕೆಲಸ ಬಿಡಬ್ಯಾಡ ಅಂದ್ರಿ. ಅಮ್ಮಾರಿಗೆ ಬಿಡಿಸ್ತೀನಿ ಅಂದ್ರಿ. ಯಾವುದು ಖರೇ?"

ಕೊಟ್ರೇಶ ನಕ್ಕ. ಪಾಪ, ಆ ಮುಖಕ್ಕೆ ಬೇರೆ ಏನೂ ಬರುತ್ತಿರಲಿಲ್ಲ. "ಇಬ್ಬರಿಗೂ ಬೇಜಾರಾಗಬಾರದು ಅಂತ ಹೇಳಿದೆ ರೀ."

"ಇಬ್ಬರಿಗೆ ಅಲ್ಲ. ಬೇಜಾರಾದ ಮುಖ ನೋಡಾಕೆ ನಿಮಗೆ ಆಗಲ್ಲ, ಅದಕ್ಕೆ ಹೇಳಿದ್ರಿ. ನಮ್ಮ ಲ್ಯಾಬಿಗೆ ಬಂದೋರೂ ಕೇಳ್ತಾರೆ, ಸಕ್ಕರೆ ಇಲ್ಲ ಅನ್ನವ್ವಾ ಅಂತ. ಇಲ್ಲ ಅಂದ್ರೆ ಖುಷಿಯಾಗಿ ಹೋಗ್ತಾರೆ. ನನ್ನನ್ನೂ ಭಾಳ ಒಳ್ಳೇ ಹುಡುಗಿ ಅಂತಾರೆ. ಆಮೇಲೆ ಅವರ ಕಾಲು ಹೋಗ್ತೈತೆ."

ಕೊಟ್ರೇಶನ ನಗು ಇಳಿಯಿತು. ಇಂಥ ಹೊತ್ತಿನಲ್ಲಿ ಹಿರಿಯರಾದವರು ಸುಮ್ಮನಿದ್ದರೆ ಹೇಗೆ? ನಾನು ಗಂಟಲು ಸರಿಮಾಡಿಕೊಂಡು ನಡುವೆ ಬಂದೆ.

"ಆದದ್ದು ಆತು. ಒಂದು ರಾಜಿಗೆ ಬರಣ. ಸ್ವಲ್ಪ ದಿನ ಕೆಲಸ ಮಾಡ್ಲಿ, ಆಮೇಲೆ ಬಿಡ್ಲಿ."

"ಎರಡು ವರ್ಷ" ಅಂದರು ಕರಿಬಸವರಾಜರು.

"ಆರು ತಿಂಗಳು" ಅಂದರು ಕಸ್ತೂರಮ್ಮ.

ಬಡೇಸಾಬ್ "ಮೊದಲ ಮಗು ಆಗೋತನಕ" ಅಂದರು. ನಿರ್ಮಲಮ್ಮ ಯುಗಾದಿಯಿಂದ ಯುಗಾದಿಗೆ ಅಂದರು. ಅರ್ಧ ಗಂಟೆ ಎಳೆದಾಡಿ ಒಂದು ವರ್ಷಕ್ಕೆ ನಿಲ್ಲಿಸಿದೆವು. ಎಲ್ಲರಿಗೂ ಸಮಾಧಾನವಾಯಿತು. ನಿರ್ಮಲಮ್ಮ ಆಗಲೇ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಕೇಳುತ್ತಿದ್ದರು. ನಯನಾಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳು ಗೋಡೆಗೆ ಒರಗಿ, ಕೈಕಟ್ಟಿ, ಕೊಟ್ರೇಶನೊಬ್ಬನ ಮುಖವನ್ನೇ ನೋಡುತ್ತಿದ್ದಳು.

"ಏನಪ್ಪ, ಒಂದು ವರ್ಷ. ನಿನ್ನ ಒಪ್ಪಿಗೆ ಐತಲ್ಲ?" ಅಂದೆ, ಕೇಳುವ ಅಗತ್ಯವೇ ಇಲ್ಲದ ದನಿಯಲ್ಲಿ.

"ಇಲ್ರಿ" ಅಂದ ಕೊಟ್ರೇಶ.

"ನೀರ್ರಿ" ಅಂದ ಅಂದುಕೊಂಡು ಬಡೇಸಾಬ್ ಲೋಟ ಮುಂದೆ ಹಿಡಿದರು. ಅವನ ಬಾಯಲ್ಲಿ ಆ ಮಾತನ್ನು ಅವರೂ ಕೇಳಿರಲಿಲ್ಲ.

"ಇಲ್ರಿ. ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ. ಅವರ ಕೆಲಸ ಅವರದು, ಬಿಡೋದು ಇಟ್ಟುಕೊಳ್ಳೋದು ಅವರಿಗೆ ಬಿಟ್ಟಿದ್ದು. ಅದನ್ನ ಪಾಲು ಮಾಡಾಕೆ ನಾವ್ಯಾರು?" ತಾಯಿಯ ಕಡೆ ತಿರುಗಿದ. "ಅವ್ವಾ, ನಿನಗೆ ನಾನು ಸುಳ್ಳು ಹೇಳಿದೆ. ನೀನು ಬೇಜಾರು ಮಾಡ್ಕಂತೀಯ ಅಂತ ಹೆದರಿ ಹೇಳಿದೆ. ಬೆಳಗಿನ ಕೆಲಸ ನಾನು ಮಾಡ್ತೀನಿ. ಅವರು ಆರಕ್ಕೆ ಹೋಗ್ತಾರೆ."

ಒಡೆದ ನಲ್ಲಿಯಂತೆ ಅವನ ಬಾಯಿ ಆಮೇಲೆ ನಿಲ್ಲಲಿಲ್ಲ. "ಮಾವಾರೇ, ಇವರು ಹೇಳಿದ ಐಬು ಒಂದೂ ನಂದಲ್ಲ, ನಾನೇ ಹೇಳಿಸಿದ್ದು. ಬಡೇಸಾಬ್, ಹೋದ ವರ್ಷ ಕೊಟ್ರಲ್ಲ ಆ ಗಾದಿ, ಮೈಯೆಲ್ಲಾ ಕೆರೀತೈತೆ. ಅಂಕಲ್, ನಿಮ್ಮ ಬಸ್ಸಿನ ಕಥೆ ಮೂರನೇ ಸಲ ಕೇಳಾಕೆ ಯಾರಿಗೂ ಆಗಲ್ಲ." ಬಡೇಸಾಬ್ "ಯಾ ಅಲ್ಲಾ" ಅಂದರು. ನಾನು ಅಂಗಿಗೆ ಅಂಟಿದ ಹತ್ತಿ ಕೀಳಲು ಶುರು ಮಾಡಿದೆ. ಇಷ್ಟು ವರ್ಷ ನನಗಿದ್ದ ಅನುಮಾನ ನಿಜವಾದದ್ದು ಹೀಗೆ.

ಕಸ್ತೂರಮ್ಮ ಎದ್ದರು. ಸೆರಗು ಹೊದ್ದುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ ವರಾಂಡದ ಮೆಟ್ಟಿಲ ಮೇಲೆ ನಮಗೆ ಬೆನ್ನು ಮಾಡಿ ಕೂತರು. ಕೊಟ್ರೇಶ ಆ ಬೆನ್ನನ್ನೇ ನೋಡುತ್ತಾ ನಿಂತ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಹಾಕಿ ಅವನನ್ನು ಓದಿಸಿದ ತಾಯಿ ಅದು. ಮಗ ಎದುರುತ್ತರ ಕೊಟ್ಟದ್ದು ಇದೇ ಮೊದಲು, ಅದೂ ಹತ್ತು ಜನರ ಮುಂದೆ. ಸಂಬಂಧ ಮುರಿಯಿತು ಅಂತ ನಾನು ಚಪ್ಪಲಿ ಹುಡುಕಲು ಶುರು ಮಾಡಿದೆ.

ಆದರೆ ನಯನಾಳ ಹುಬ್ಬು ಇನ್ನೂ ಗಂಟಾಗೇ ಇತ್ತು. ಸೋದರಮಾವನ ಮನೆಯಲ್ಲಿ ಬೆಳೆದವಳಲ್ಲವೇ!

"ಇದೂ ನನ್ನನ್ನ ಖುಷಿ ಮಾಡಾಕೆ ಹೇಳಿದ್ದಾ?" ಅಂದಳು.

"ಅಲ್ರಿ."

"ನಂಬೋದು ಹೆಂಗೆ? ಇವತ್ತು ನನ್ನ ಕಡೆ, ನಾಳೆ ಇನ್ಯಾರ ಕಡೆಯೋ. ಹೋಗ್ಲಿ, ಹಂಗಾದ್ರೆ ಹರಿಹರದಾಗೇ ಮನೆ ಮಾಡಣ. ನನಗೆ ಲ್ಯಾಬು ಹತ್ರ. ಅಮ್ಮಾರು ದಾವಣಗೆರೆಯಾಗೆ ಇರ್ಲಿ. ಆತಾ?"

ಮೆಟ್ಟಿಲ ಮೇಲಿನ ಬೆನ್ನು ನೆಟ್ಟಗಾಯಿತು. ಕರಿಬಸವರಾಜರು ಕನ್ನಡಕ ಸರಿಮಾಡಿಕೊಂಡರು. ಕೊಟ್ರೇಶನ ಹಣೆಯಿಂದ ಬೆವರು ಇಳಿದು ಗದ್ದದಲ್ಲಿ ತೊಟ್ಟಿಕ್ಕಿತು. ನನ್ನ ಕಡೆ ನೋಡಿದ. ಬಸ್ಸಿನ ಕಥೆಯ ಮಾತು ಮನಸ್ಸಿನಲ್ಲಿದ್ದರೂ, ಹೇಳಪ್ಪ, ಅದೇನಿದೆಯೋ ಹೇಳಿಬಿಡು ಅಂತ ನಾನು ಒಳಗೊಳಗೇ ಬೇಡಿಕೊಂಡೆ.

"ಇಲ್ರಿ" ಅಂದ. "ಅವ್ವನ್ನ ಒಬ್ಬಳನ್ನೇ ಬಿಡಾಕಾಗಲ್ಲ."

"ನಾನು ಈ ಮದುವೆ ಒಲ್ಲೆ ಅಂದ್ರೆ?"

"ಭಾಳ ದಿನ ಅಳ್ತೀನಿ ರೀ" ಅಂದ. "ಆದ್ರೂ ಇಲ್ಲ."

ನಯನಾ ಅವನನ್ನು ದಾಟಿಕೊಂಡು ವರಾಂಡಕ್ಕೆ ಹೋದಳು. ಕಸ್ತೂರಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತಳು.

"ಅತ್ತೆ, ಒಳಗೆ ಬರ್ರಿ. ಊಟಕ್ಕೆ ಹೊತ್ತಾತು" ಅಂದಳು.

ಅತ್ತೆ ಎಂದದ್ದು ನಮಗೆಲ್ಲ ಕೇಳಿಸಿತು. ನಿರ್ಮಲಮ್ಮ ನನ್ನ ತೋಳು ಚಿವುಟಿದರು. ಕಸ್ತೂರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ನಯನಾಳ ಕೈ ಹಿಡಿದು ಎದ್ದು ಒಳಗೆ ಬಂದರು. ಮಗನ ಕಡೆ ತಿರುಗಿಯೂ ನೋಡಲಿಲ್ಲ.

"ಆರಕ್ಕೆ ಹೋಗಾಕಿ ಹಸ್ಕಂಡು ಹೋಗಬಾರದು. ನನ್ನ ಪೂಜೆ ಅರ್ಧ ತಾಸು ಮುಂಚೆ ಮುಗಿಸ್ಕಂತೀನಿ, ರೊಟ್ಟಿ ನಾನು ಬಡೀತೀನಿ" ಅಂದರು ನಯನಾಳಿಗೆ. ಆಮೇಲೆ, "ಆದ್ರೆ ನನಗೆ ಸುಳ್ಳು ಹೇಳಿದೋನ ಕೂಡ ಮಾತು ಬಿಟ್ಟೀನಿ. ಅವನಿಗೆ ನೀನೇ ಹೇಳವ್ವ, ಕೈ ತೊಳ್ಕಂಡು ಊಟಕ್ಕೆ ಕುಂದ್ರು ಅಂತ" ಅಂದರು.

ನಯನಾ ಕೊಟ್ರೇಶನ ಕಡೆ ನೋಡಿದಳು. "ಕೇಳಿಸ್ತಲ್ಲ? ಕೈ ತೊಳ್ಕಳ್ರಿ."

ಕೊಟ್ರೇಶ ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ನಿಂತು, ಐದು ನಿಮಿಷ ಕೈ ತೊಳೆದ. ಕೈ ಅಷ್ಟೇನೂ ಕೊಳೆಯಾಗಿರಲಿಲ್ಲ.